ಹರಕೆಯ ಹುಂಜ ಮತ್ತು ಕಡಲ ಮೀನು

ಹುಂಜ ಕಂಡರೆ ನಾನು ಮೊದಲು ಅದರ ಕುತ್ತಿಗೆ ನೋಡುತ್ತೇನೆ. ಉಳಿದವರು ಜುಟ್ಟು ನೋಡುತ್ತಾರೆ, ಕಾಲು ನೋಡುತ್ತಾರೆ, ಎದೆ ಹಿಸುಕಿ ಮಾಂಸ ಎಷ್ಟಿದೆ ಎಂದು ಅಂದಾಜು ಕಟ್ಟುತ್ತಾರೆ. ನಾನು ಕುತ್ತಿಗೆಯ ಪುಕ್ಕದೊಳಗೆ ಬೆರಳಾಡಿಸಿ, ಎಲ್ಲಾದರೂ ಬಯಲು ಬಿದ್ದಿದೆಯೋ ಎಂದು ಪರೀಕ್ಷೆ ಮಾಡುತ್ತೇನೆ. ಹೋದ ವಾರ ಸವಣೂರ ಸಂತೆಯಲ್ಲಿ ಕೋಳಿ ಮಾರುವವನಿಗೆ ಸಿಟ್ಟೇ ಬಂತು.

"ಏನ ಹುಡುಕಾಕತ್ತಿ ಬೇ ಅಜ್ಜಿ? ಹೇನೇನ?"

"ಕಳವು ಆಗೇತೇನಂತ ನೋಡಾಕತ್ತೇನಿ."

"ಹುಂಜನ ಕುತ್ತಿಗ್ಯಾಗ ಏನ ಕಳವಾಗ್ತೈತಿ?"

ಅವನಿಗೆ ಹೇಳುತ್ತಾ ಕುಳಿತಿದ್ದರೆ ಸಂತೆ ಮುಗಿಯುತ್ತಿತ್ತು. ನಿಮಗೆ ಹೇಳುತ್ತೇನೆ. ನಿಮಗೆ ಬೇರೆ ಕೆಲಸ ಇದ್ದಂತಿಲ್ಲ, ಇದ್ದಿದ್ದರೆ ಇದನ್ನು ಓದುತ್ತಾ ಕೂಡುತ್ತಿರಲಿಲ್ಲ.

ನಮ್ಮ ಮನುಷ್ಯನಿಗೆ, ಎಂದರೆ ನನ್ನ ಗಂಡನಿಗೆ, ಮೀನಿನ ಹುಚ್ಚು. ತಿನ್ನುವ ಹುಚ್ಚಲ್ಲ, ಹಿಡಿಯುವ ಹುಚ್ಚು. ತಿನ್ನುವ ಹುಚ್ಚಾಗಿದ್ದರೆ ಬೇಯಿಸಿ ಹಾಕಿ ಗುಣ ಮಾಡುತ್ತಿದ್ದೆ. ಮಾಸೂರಿನ ಮದಗದ ಕೆರೆಯ ತೂಬಿನಲ್ಲಿ ನೀರು ಬಿಡುವ ಕೆಲಸಕ್ಕೆ ಅವನು ಆಳು. ಎಲ್ಲಿಂದಲೋ ಒಬ್ಬ ಸಾಹೇಬ ಕೆರೆ ನೋಡಲು ಬರುತ್ತಿದ್ದ. ಕೆರೆ ನೋಡುವುದು ಅರ್ಧ ಗಳಿಗೆ, ಮೀನು ಹಿಡಿಯುವುದು ಇಡೀ ದಿನ. ಅವನ ಗಾಳಕ್ಕೆ ಎರೆಹುಳ ಬೇಡ, ಹಿಟ್ಟು ಬೇಡ. ಒಂದು ಸಣ್ಣ ಕೊಂಡಿಗೆ ಹಕ್ಕಿ ಪುಕ್ಕ ಸುತ್ತಿ, ಅದನ್ನೇ ಹುಳ ಎಂದು ಮೀನಿಗೆ ನಂಬಿಸುವುದು. ಪುಕ್ಕಕ್ಕೆ ತೂಕ ಎಲ್ಲಿಯದು? ಅದಕ್ಕೇ ದಾರವನ್ನೇ ತಲೆಯ ಮೇಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿ ಬೀಸಿ, ಆಮೇಲೆ ನೀರಿನ ಮೇಲೆ ಮೆಲ್ಲಗೆ ಮಲಗಿಸಬೇಕು. ಸಾಹೇಬನ ಚೀಲ ಹೊರುತ್ತಿದ್ದ ನಮ್ಮವನು ಇದನ್ನು ನೋಡಿ ನೋಡಿ ಹುಚ್ಚಾದ. ಒಂದು ದಿನ ಸಾಹೇಬನ ಪುಕ್ಕದ ಗಾಳ ಜಾಲಿಮುಳ್ಳಿಗೆ ಸಿಕ್ಕಿ ಉಳಿಯಿತು. ಇವನು ಅದನ್ನು ಮನೆಗೆ ತಂದು, ಹೇಗೆ ಕಟ್ಟಿದ್ದಾರೆ ನೋಡೋಣ ಎಂದು ಎಳೆ ಎಳೆಯಾಗಿ ಬಿಚ್ಚಿದ. ಬಿಚ್ಚಲು ಬಂತು, ಕಟ್ಟಲು ಬರಲಿಲ್ಲ. ಮೂರು ತಿಂಗಳು ನನ್ನ ಕೌದಿ ಹೊಲಿಯುವ ದಾರವೆಲ್ಲ ಅದಕ್ಕೇ ಹೋಯಿತು.

ನಾನು ಮೀನು ಕಾಣದವಳಲ್ಲ. ಹಾನಗಲ್ಲಿನ ಕಡೆಯವಳು. ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದಾಗ ನಾವು ಹುಡುಗಿಯರು ಅವ್ವನ ಹಳೆ ಸೀರೆ ಕದ್ದು, ಇಬ್ಬರು ಆಚೆ ಇಬ್ಬರು ಈಚೆ ಹಿಡಿದು ಕಾಲುವೆಯಲ್ಲಿ ಎಳೆಯುತ್ತಿದ್ದೆವು. ಸೀರೆಯ ತುಂಬ ಬೆರಳುದ್ದದ ಮೀನು, ಅರ್ಧ ಕೆಸರು, ಒಂದೆರಡು ಕಪ್ಪೆ. ಸೀರೆ ಒಗೆದು ಒಣಗಿಸಿ ಇದ್ದ ಜಾಗದಲ್ಲೇ ಮಡಚಿ ಇಡುತ್ತಿದ್ದೆವು. ಅವ್ವ ಆ ಸೀರೆ ಉಟ್ಟು ಹೊರಗೆ ಹೊರಟಾಗ ಓಣಿಯ ಬೆಕ್ಕುಗಳು ಬೆನ್ನು ಹತ್ತಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಅಂದು ತಿಂದ ಏಟಿನ ರುಚಿ ಈಗಲೂ ಇದೆ. ಆದರೆ ನಮ್ಮದು ಹೊಟ್ಟೆಗಾಗಿ ಮಾಡಿದ ಕೆಲಸ. ನಮ್ಮವನದು ಹಾಗಲ್ಲ. ಒಂದು ಮೀನಿಗೆ ಇಡೀ ದಿನ. ಆ ಮೀನೂ ಕೈಯಷ್ಟು.

ಈಗ ಅತ್ತೆಯ ವಿಷಯ. ಅತ್ತೆ ನೀಲವ್ವನ ಎರಡೂ ಕಣ್ಣಿಗೆ ಪೊರೆ ಬಂದು, ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವಳಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕಣ್ಣಿಲ್ಲದ ಅತ್ತೆ ಸಿಕ್ಕರೆ ಸೊಸೆಗೆ ಸುಖ ಎಂದು ನೀವು ತಿಳಿದಿದ್ದರೆ ತಪ್ಪು. ಹಾಲಿನ ಕೆನೆ ನಾನು ತಿಂದರೆ ನನ್ನ ಬಾಯಿಯ ಸಪ್ಪಳದಿಂದ ಹಿಡಿಯುತ್ತಿದ್ದಳು. ಆದರೂ ತಿನ್ನುತ್ತಿದ್ದೆ, ಸಪ್ಪಳವಿಲ್ಲದೆ ತಿನ್ನಲು ಕಲಿತೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಶಿಗ್ಗಾವಿಯಲ್ಲಿ ಕಣ್ಣಿನ ಆಪರೇಷನ್ ಶಿಬಿರ ಎಂದು ಗೊತ್ತಾಯಿತು. ರೇಡಿಯೋ ಇಟ್ಟುಕೊಳ್ಳಲೂ ಲೈಸೆನ್ಸು ಬೇಕಾಗಿದ್ದ ಕಾಲ ಅದು. ಕಣ್ಣಿಗೆ ಕತ್ತರಿ ಹಾಕುತ್ತಾರೆ ಎಂದರೆ ಗಂಡಸರೂ ನಡುಗುತ್ತಿದ್ದರು. ಅತ್ತೆ ನಡುಗಲಿಲ್ಲ. ಹರಕೆ ಹೊತ್ತಳು. ಕಣ್ಣು ಬಂದರೆ ಯುಗಾದಿ ಕಳೆದ ಮೊದಲ ಗುರುವಾರ ಹುಲಗೂರಿನ ದರ್ಗಾಕ್ಕೆ ಒಂದು ಹುಂಜ. ಅದೂ ಎಂಥ ಹುಂಜ? ಕೊರತೆ ಇಲ್ಲದ್ದು, ಒಂದು ಉಗುರೂ ಮುರಿಯದ್ದು, ಒಂದು ಪುಕ್ಕವೂ ಉದುರದ್ದು. ಹಿತ್ತಲಲ್ಲಿ ಅಂಥದ್ದು ಒಂದೇ ಇತ್ತು. ಕೆಂಪು ಮೈ, ಕುತ್ತಿಗೆಯ ಸುತ್ತ ಹೊನ್ನಿನ ಬಣ್ಣದ ಪುಕ್ಕ, ತುದಿಯಲ್ಲಿ ಕಪ್ಪು. ನೋಡಿದರೆ ಯಾರೋ ಶಾಲು ಹೊದಿಸಿ ಸನ್ಮಾನ ಮಾಡಿ ಕಳಿಸಿದಂತೆ ನಡೆಯುತ್ತಿತ್ತು.

ಅದೇ ಹೊತ್ತಿಗೆ ಮೇಸ್ತ್ರಿಯೊಬ್ಬ ಕರಾವಳಿಯಲ್ಲಿ ರಸ್ತೆ ಹಾಕುವ ಕೆಲಸಕ್ಕೆ ನಮ್ಮ ಕಡೆಯ ಜನರನ್ನು ಲಾರಿಯಲ್ಲಿ ತುಂಬುತ್ತಿದ್ದ. ಯುಗಾದಿವರೆಗಿನ ಕೆಲಸ. ನಾವಿಬ್ಬರೂ ಹತ್ತಿದೆವು. ಅತ್ತೆ ಹುಲಗೂರಿನಲ್ಲಿದ್ದ ಮಗಳ ಮನೆಗೆ ಹೋದಳು. ಹೊರಡುವಾಗ ಹುಂಜವನ್ನು ಬುಟ್ಟಿ ಸಮೇತ ನನ್ನ ತೊಡೆಯ ಮೇಲೆ ಇಟ್ಟಳು.

"ಮಗಳ ಮನೀ ಬಾಜೂಕ ಎರಡ ನಾಯಿ ಅದಾವ. ಇದನ್ನ ನೀನ ಒಯ್ಯಿ. ನನ್ನ ಕಣ್ಣಂತೂ ಇಲ್ಲ, ನಿನ್ನ ಕಣ್ಣ ಮುಂದರ ಇರ್ಲಿ. ಹೆಂಗ ಒಯ್ದಿ ಹಂಗ ತಂದ ಕೊಡಬೇಕ ಮತ್ತ."

"ತರ್ತೇನಿ ತಗೋ ಅತ್ತಿ."

"ಹಂಗ ಅಂದ್ರ ಹಂಗ!"

ಹೀಗೆ ನಾನು ಸಮುದ್ರ ನೋಡಿದ್ದು ತೊಡೆಯ ಮೇಲೆ ಹುಂಜ ಇಟ್ಟುಕೊಂಡು. ಲಾರಿ ಇಳಿದು ದಂಡೆಗೆ ನಿಂತಾಗ ನಾನು ಕೇಳಿದ ಮೊದಲ ಮಾತು ಹೇಳಲು ಈಗ ನಾಚಿಕೆಯಾಗುತ್ತದೆ.

"ಎದುರಿಗಿನ ದಂಡಿ ಯಾವೂರದು?"

ಲಾರಿಯಲ್ಲಿದ್ದ ಯಾರೂ ನಗಲಿಲ್ಲ. ಅವರೂ ಅದನ್ನೇ ಹುಡುಕುತ್ತಿದ್ದರು.

ನಮ್ಮ ಜೋಪಡಿಗಳು ದಂಡೆಯ ಹತ್ತಿರ ಗಾಳಿಮರಗಳ ಕೆಳಗೆ. ಅಲ್ಲಿಗೆ ದಿನಾ ಬುಟ್ಟಿ ಹೊತ್ತು ಬರುತ್ತಿದ್ದವಳು ಸುಬ್ಬಿ, ಅಲ್ಲಿಯ ಮೀನುಗಾರ್ತಿ. ಮೊಣಕಾಲ ಮೇಲೆ ಸೀರೆ, ಮೂಗಿನಲ್ಲಿ ದೊಡ್ಡ ನತ್ತು, ಬಾಯಿ ಅದಕ್ಕಿಂತ ದೊಡ್ಡದು. ನಾವು ತಂದಿದ್ದ ಬ್ಯಾಡಗಿ ಮೆಣಸಿನಕಾಯಿಗೆ ಅವಳು ಮೀನು ಕೊಡುತ್ತಿದ್ದಳು. ನಮ್ಮ ಮೆಣಸಿನಕಾಯಿಯ ಬಣ್ಣ ನೋಡಿ ಖಾರ ಜಾಸ್ತಿ ಎಂದು ಹೆದರಿ, ಮೊದಲ ದಿನ ಒಂದೇ ಹಾಕಿ ಸಾರು ಮಾಡಿ, ಸಪ್ಪೆಯಾಯಿತೆಂದು ಮರುದಿನ ಬಂದು ಬೈದಳು. ಅಲ್ಲಿಂದ ಗೆಳೆತನ.

ನಮ್ಮವನು ಸಮುದ್ರ ಕಂಡ ದಿನದಿಂದ ಸರಿಯಾಗಿ ಉಣ್ಣಲಿಲ್ಲ. ಮದಗದ ಕೆರೆ ಅವನ ಕಣ್ಣಿಗೆ ಹರಿವಾಣವಾಯಿತು. ಸಂಜೆ ಬುಟ್ಟಿ ಸಲಿಕೆ ಇಟ್ಟವನೇ ಬಿದಿರು ಗಳ, ಜೇನುಮೇಣ ತಿಕ್ಕಿದ ದಾರ ತೆಗೆದುಕೊಂಡು ದಂಡೆಗೆ. ಅಲೆಯ ಎದುರು ನಿಂತು ಬೀಸುವುದೇ ಬೀಸುವುದು. ಆ ಕಾಲದಲ್ಲಿ ಅವನು ಕುತ್ತಿಗೆ ಮುಚ್ಚುವಷ್ಟು ಕೂದಲು ಬಿಟ್ಟಿದ್ದ. ದಿನಕ್ಕೆ ಎರಡು ಸಲ ಎಣ್ಣೆ, ನಾಲ್ಕು ಸಲ ಬಾಚಣಿಗೆ. ಕಡಲ ಗಾಳಿಗೆ ಕೂದಲು ಒಂದು ಕಡೆ, ದಾರ ಇನ್ನೊಂದು ಕಡೆ. ದೂರದಿಂದ ನೋಡಿದರೆ ಕಣದಲ್ಲಿ ಹಕ್ಕಿ ಹೊಡೆಯಲು ನಿಂತವನಂತೆ ಕಾಣುತ್ತಿದ್ದ. ಹದಿನೈದು ದಿನದಲ್ಲಿ ಅವನ ಗಾಳಕ್ಕೆ ಸಿಕ್ಕದ್ದು ನನ್ನ ಸೆರಗು ಎರಡು ಸಲ, ಮೇಸ್ತ್ರಿಯ ಛತ್ರಿ ಒಂದು ಸಲ.

ಈ ನಡುವೆ ಹುಂಜದ ಕುತ್ತಿಗೆಯಲ್ಲಿ ಪುಕ್ಕ ತೆಳುವಾಗುತ್ತಾ ಬಂತು. ಉಪ್ಪು ಗಾಳಿಗೆ ಏನೋ ರೋಗ ಎಂದು ನಾನು ದಿನಾ ಅರಿಸಿನ, ಬೇವಿನೆಣ್ಣೆ ಹಚ್ಚಿದೆ. ಹಚ್ಚಿದಷ್ಟೂ ಪುಕ್ಕ ಕಡಿಮೆ. ಬುಟ್ಟಿಯ ಮುಂದೆ ಕುಳಿತು, ಅತ್ತೆಯ ಮಾತು ನೆನೆದು, ಉಳಿದ ಪುಕ್ಕ ಎಣಿಸುತ್ತಿದ್ದೆ. ನಮ್ಮವನು ಬಂದು ಬಗ್ಗಿ ನೋಡಿ, "ಪಾಪ, ಊರ ನೆನಪಾಗಿರಬೇಕ," ಅನ್ನುತ್ತಿದ್ದ.

ಒಂದು ದಿನ ಮಧ್ಯಾಹ್ನ ಸುಬ್ಬಿ ನಗುತ್ತಾ ಬಂದಳು.

"ನಿನ್ನ ಗಂಡ ನಂಗೆ ಕೋಳಿ ಊಟ ಹಾಕ್ತೆ ಅಂದ, ಗೊತ್ತುಂಟೇ?"

ನನಗೆ ಗೊತ್ತಿರಲಿಲ್ಲ. ನಡೆದದ್ದು ಇಷ್ಟು. ನಮ್ಮವನ ಗಾಳ ನೋಡಿ ಇವಳು, "ಕೋಳಿ ಪುಕ್ಕ ತಿನ್ನೂಕೆ ನಮ್ಮ ಸಮುದ್ರದ ಮೀನಿಗೆ ಮಳ್ಳು ಹಿಡೀಲಿಲ್ಲ ಮಾರಾಯ," ಅಂದಿದ್ದಾಳೆ. ಇವನಿಗೆ ಪೌರುಷ ಬಂದಿದೆ. ಅಮಾವಾಸ್ಯೆಯ ದಿನ ಸೂರ್ಯ ನೆತ್ತಿಗೆ ಬರುವುದರೊಳಗೆ ಒಂದು ಮೀನಾದರೂ ಹಿಡಿದರೆ ಎಲ್ಲ ಜೋಪಡಿಗಳಿಗೂ ಒಂದು ವಾರ ಸುಬ್ಬಿಯ ಮೀನು. ಹಿಡಿಯದಿದ್ದರೆ ನಮ್ಮ ಹುಂಜ ಸುಬ್ಬಿಯ ಗಡಿಗೆಗೆ. ಅಮಾವಾಸ್ಯೆಯೇ ಯಾಕೆ ಎಂದರೆ, ನಮ್ಮ ಕಡೆಯವರು ಅಂದು ಸಲಿಕೆ ಗುದ್ದಲಿ ಮುಟ್ಟುವುದಿಲ್ಲ. ರಜೆ ಇದ್ದದ್ದು ಅದೊಂದೇ ದಿನ.

ಸಂಜೆ ಬಂದವನನ್ನು ನಿಲ್ಲಿಸಿ ಕೇಳಿದೆ.

"ದರ್ಗಾದ ಹುಂಜನ್ನ ಪಂದ್ಯಕ್ಕ ಇಟ್ಟೀಯಲ್ಲ, ತಲ್ಯಾಗ ಏನ ತುಂಬೇತಿ ನಿಂಗ?"

"ಸೋತ್ರ ತಾನ ಕೊಡೂದು?"

"ಹದಿನೈದ ದಿನದಾಗ ಏನ ಹಿಡದೀ? ಛತ್ರಿ!"

"ಅವತ್ತ ಗಾಳಿ ಇತ್ತು."

"ಅವ್ವಗ ಏನ ಹೇಳ್ತಿ?"

ಅವನು ಬಾಚಣಿಗೆ ತೆಗೆದು ಕೂದಲು ಬಾಚಿಕೊಂಡ. ಸಿಕ್ಕಿಬಿದ್ದಾಗಲೆಲ್ಲ ಅವನು ಮಾಡುತ್ತಿದ್ದದ್ದು ಅದನ್ನೇ.

ಅಮಾವಾಸ್ಯೆ ಬಂತು. ರೊಟ್ಟಿ ತಿಂದು ದಂಡೆಗೆ ಹೋದೆವು. ಬೆಳಗಿನ ಹೊತ್ತು ನೀರು ಎಷ್ಟು ದೂರ ಸರಿದಿತ್ತೆಂದರೆ, ಒದ್ದೆ ಮರಳು ಹೊಲದಷ್ಟು ಬಿದ್ದಿತ್ತು. ಪಂದ್ಯಕ್ಕಿಟ್ಟ ಮಾಲು ಕಣ್ಣೆದುರು ಇರಲಿ ಎಂದು ಸುಬ್ಬಿ ಹೇಳಿದ್ದಳು. ನಮ್ಮವನು ನೀರಿನ ಹತ್ತಿರವೇ ಗೂಟ ಬಡಿದು ಹುಂಜದ ಕಾಲಿಗೆ ಹಗ್ಗ ಕಟ್ಟಿದ. ಸುಬ್ಬಿ ದೂರದಿಂದಲೇ ಕೂಗಿದಳು.

"ಅಲ್ಲಿ ಕಟ್ಟಬೇಡ, ಮೇಲೆ ಕಟ್ಟು! ನೀರು ಏರಿ ಬರ್ತದೆ!"

"ನಂಗ ನೀರ ಹೇಳಿಕೊಡ್ತೀ ಏನಬೇ?" ಅಂದ ನಮ್ಮವನು. "ಹನ್ನೆರಡ ವರ್ಷ ತೂಬು ಕಾದೇನಿ. ತೂಬು ತಗದ್ರ ನೀರ ಇಳೀತೈತಿ, ಮಳಿ ಆದ್ರ ಏರ್ತೈತಿ. ಮಳಿ ಎಲ್ಲೈತಿ ಈಗ?"

ನನಗೂ ಆ ಮಾತು ಸರಿ ಎನಿಸಿತು. ಆಕಾಶ ನೋಡಿದೆ, ಒಂದು ಮೋಡವಿರಲಿಲ್ಲ. ಸುಬ್ಬಿ ನಮ್ಮ ಹುಂಜವನ್ನು ತನ್ನ ಮನೆಯ ಹತ್ತಿರ ಕಟ್ಟಿಸಿಕೊಳ್ಳುವ ಆಟ ಹೂಡಿದ್ದಾಳೆ ಎಂದೇ ತಿಳಿದೆ. ಅವಳು ಹಣೆ ಚಚ್ಚಿಕೊಂಡು ನನ್ನ ಪಕ್ಕ ಬಂದು ಕುಳಿತಳು.

ಆಗ ನಮ್ಮವನು ಅಂಗಿಯ ಕಿಸೆಯಿಂದ ಹೊಸ ಗಾಳ ತೆಗೆದು ದಾರಕ್ಕೆ ಕಟ್ಟಿದ. ಹೊನ್ನಿನ ಬಣ್ಣದ ಪುಕ್ಕ, ತುದಿ ಕಪ್ಪು. ನಾನು ಎದ್ದು ಹೋಗಿ ಅದನ್ನು ಮೂಗಿಗೆ ಹಿಡಿದೆ. ಬೇವಿನೆಣ್ಣೆ, ಅರಿಸಿನದ ವಾಸನೆ. ಹದಿನೈದು ದಿನ ನಾನು ಔಷಧಿ ಹಚ್ಚಿದ್ದು ಹುಂಜಕ್ಕಲ್ಲ, ಗಾಳಕ್ಕೆ.

"ಎಷ್ಟ ಕಿತ್ತೀ?"

"ಬಾಲದ ಪುಕ್ಕ ದಪ್ಪ ಆಗ್ತಾವ. ಕುತ್ತಿಗೀವು ನೀರಾಗ ಹೆಂಗ ಬಿಚ್ಚಿಕೊಂತಾವ ನೋಡ ಬೇಕಾರ..."

"ಎಷ್ಟ ಕಿತ್ತೀ ಅಂದೆ!"

"ಎಣಿಸಿಲ್ಲ."

ಅಲ್ಲಿಯೇ ಗಳ ಕಸಿದು ಬೆನ್ನಿಗೆ ಬಾರಿಸುತ್ತಿದ್ದೆ. ಆದರೆ ಪಂದ್ಯ ಗೆಲ್ಲದಿದ್ದರೆ ಪುಕ್ಕದ ಜೊತೆ ಹುಂಜವೂ ಹೋಗುತ್ತದೆ. ಹಲ್ಲು ಕಚ್ಚಿ ಹಿಂದೆ ಬಂದು ಕುಳಿತೆ. ಜೀವನದಲ್ಲಿ ಮೊದಲ ಸಲ, ಅವನಿಗೆ ಒಂದು ಮೀನು ಸಿಗಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಅವನು ಬೀಸಿದ. ದಾರ ಹೋಗಿ ಅಲೆಯ ಆಚೆ ಬೀಳಲಿ ಎಂದು ಬೀಸಿದ. ಗಾಳಿ ಅದನ್ನು ತಿರುಗಿಸಿ ಅವನ ಹೆಗಲ ಮೇಲೆ ಹಾಕಿತು. ಮತ್ತೆ ಬೀಸಿದ. ಒಂದು ಸಲ ಗಾಳ ಅವನ ಕೂದಲಿಗೇ ಸಿಕ್ಕಿ, ಬಿಡಿಸಲು ನಾನು ಹೋಗಬೇಕಾಯಿತು. ಸುಬ್ಬಿ ಹೊಟ್ಟೆ ಹಿಡಿದು ನಕ್ಕು, "ದೊಡ್ಡ ಮೀನೇ ಸಿಕ್ತಲ್ಲೇ!" ಅಂದಳು. ಹೊತ್ತು ಏರಿತು. ಸುಬ್ಬಿ ನನಗೆ ಮೀನಿನ ಸಾರಿಗೆ ಹುಳಿ ಯಾವಾಗ ಹಾಕಬೇಕೆಂದು ಹೇಳತೊಡಗಿದಳು. ನಾನು ಹುಣಸೆಹಣ್ಣು ಅಂದೆ, ಅವಳು ಬೇರೇನೋ ಕಾಯಿ ಅಂದಳು. ಸಾರಿನ ವಿಷಯ ಬಂದರೆ ನಾನು ಸೋಲುವವಳಲ್ಲ. ಮಾತು ಏರಿತು. ಕಡಲಿಗೆ ಬೆನ್ನು ತಿರುಗಿಸಿ ಕುಳಿತಿದ್ದ ನಮ್ಮ ಹಿಂದೆ ನೀರೂ ಏರಿತು.

ನನ್ನ ಕಾಲಿಗೆ ತಣ್ಣಗೆ ಏನೋ ತಾಗಿತು. ತಿರುಗಿ ನೋಡಿದರೆ ಬೆಳಗಿನ ಹೊಲ ಇಲ್ಲ. ಗೂಟ ಇಲ್ಲ, ಅಲೆ ಕಿತ್ತಿದೆ. ನಮ್ಮವನು ಮೊಣಕಾಲ ನೀರಲ್ಲಿ ಕಡಲಿಗೆ ಮುಖ ಮಾಡಿ ನಿಂತಿದ್ದಾನೆ. ಅವನಿಗೂ ದಂಡೆಗೂ ನಡುವೆ, ನೊರೆಯ ಮೇಲೆ, ಕೆಂಪಗೆ ಒಂದು ಮುದ್ದೆ ರೆಕ್ಕೆ ಬಡಿಯುತ್ತಾ ಒಳಗೆ ಹೋಗುತ್ತಿದೆ.

ನಾನು ಓಡಿದೆ. ಕೆರೆಯಲ್ಲಿ ಈಜಿದವಳು ನಾನು, ಆದರೆ ಕೆರೆಯ ನೀರು ಕಾಲು ಹಿಡಿದು ಎಳೆಯುವುದಿಲ್ಲ. ಒಂದು ಅಲೆ ಬಾಯಿಗೇ ಹೊಡೆಯಿತು. ಉಪ್ಪು ಗಂಟಲಿಗೆ ಇಳಿಯಿತು. ಹುಂಜ ಇನ್ನೊಂದು ಮಾರು ಆಚೆ ಹೋಯಿತು. ಅತ್ತೆಯ ಕಣ್ಣು, ಹರಕೆ, ದರ್ಗಾ ಎಲ್ಲ ಅದರ ಜೊತೆಗೇ ತೇಲುತ್ತಿದ್ದವು. ಆಗ ನನ್ನ ಬಾಯಿಂದ ಬಂದದ್ದು, ಮದುವೆಯಾಗಿ ನಾಲ್ಕು ವರ್ಷ ಒಮ್ಮೆಯೂ ಬರದಿದ್ದ ಮಾತು.

"ಏ ಹನುಮಂತಾ! ಹುಂಜಾ!"

ಗಂಡನ ಹೆಸರು ಹಿಡಿದು ಕರೆಯುವುದು ಆಗ ನಮ್ಮಲ್ಲಿ ಎಲ್ಲಿತ್ತು? ಒಗಟಿನಲ್ಲಿ ಸುತ್ತಿ ಹೇಳಲೂ ಸೆರಗು ಬಾಯಿಗೆ ಹಿಡಿಯುತ್ತಿದ್ದೆವು. ದಂಡೆಯ ಮೇಲಿದ್ದ ನಮ್ಮ ಹೆಂಗಸರು "ಅಯ್ಯಯ್ಯ!" ಅಂದರು. ಹುಂಜಕ್ಕಲ್ಲ, ಹೆಸರಿಗೆ. ಅವನೂ ಗುಂಡು ತಾಗಿದವನಂತೆ ತಿರುಗಿದ. ಗಳ ಕೆಳಗೆ ಜೋತುಬಿತ್ತು. ಅಲೆಯ ಆಚೆ ಎಸೆಯಲೆಂದು ಎತ್ತಿದ್ದ ಪುಕ್ಕ ಅವನ ಹಿಂದೆಯೇ, ಮೊಣಕಾಲುದ್ದ ನೀರಿನಲ್ಲಿ, ಬೆಳಿಗ್ಗೆ ಬರೀ ಮರಳಿದ್ದ ಜಾಗದಲ್ಲಿ ಬಿತ್ತು. ಹಿಂದೆ ಸರಿಯುವ ನೀರು ಅದನ್ನು ಎಳೆದುಕೊಂಡು ಹೋಯಿತು. ನಾನು ಹುಂಜದ ಕಾಲು ಹಿಡಿದ ಗಳಿಗೆಗೂ ಅವನ ಗಳ ಬಾಗಿದ ಗಳಿಗೆಗೂ ಅಂತರ ಇರಲಿಲ್ಲ.

ಮೊಳಕೈ ಉದ್ದದ ಬೆಳ್ಳಿ ಬಣ್ಣದ ಮೀನು. ಸುಬ್ಬಿ ಏನೋ ಹೆಸರು ಹೇಳಿದಳು, ಮರೆತೆ. ಆಮೇಲೆ ಅವಳು ತಕರಾರು ತೆಗೆದಳು.

"ಇದು ಲೆಕ್ಕಕ್ಕೆ ಬರೂದಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿ ಹಿಡ್ದದ್ದು."

"ಬೆನ್ನ ಹಾಕಬಾರ್ದು ಅಂತ ಪಂದ್ಯದಾಗ ಹೇಳಿದ್ದೇನ?" ಅಂದೆ ನಾನು. ಉಪ್ಪು ನೀರು ಕಾರುತ್ತಲೇ ಅಂದೆ. ಅವಳು ನನ್ನನ್ನೂ, ನನ್ನ ಕಂಕುಳಲ್ಲಿ ಕೆಮ್ಮುತ್ತಿದ್ದ ಹುಂಜವನ್ನೂ ನೋಡಿ ನಕ್ಕುಬಿಟ್ಟಳು. ಒಂದು ವಾರ ಮೀನು ಕೊಟ್ಟಳು. ಹುಳಿಯ ವಿಷಯದಲ್ಲಿ ಮಾತ್ರ ಸೋಲಲಿಲ್ಲ.

ಯುಗಾದಿ ಮುಗಿದು ಊರ ಕಡೆ ಹೊರಟಾಗ ನಮ್ಮಿಬ್ಬರ ನಡುವೆ ಬಸ್ಸಿನ ಸೀಟಿನ ಮೇಲೆ ಬೋಳು ಕುತ್ತಿಗೆಯ ಹುಂಜ. ಬದುಕಿತ್ತು, ಆದರೆ ಶಾಲು ಹೋಗಿತ್ತು. ಉಪ್ಪಿಗೆ ಉಳಿದ ಪುಕ್ಕವೂ ಕಡ್ಡಿಯಂತೆ ನಿಂತಿತ್ತು. ಅತ್ತೆಯ ಆಪರೇಷನ್ ಏನಾಯಿತೆಂದು ನಮಗೆ ಸುದ್ದಿ ಇರಲಿಲ್ಲ. ಕಣ್ಣು ಬರದಿದ್ದರೆ ಹರಕೆ ಕೊಡಬೇಕಾಗಿಲ್ಲ, ಹುಂಜದ ವಿಚಾರಣೆಯೂ ಇಲ್ಲ. ಕಣ್ಣು ಬಂದಿದ್ದರೆ ನಾವು ಸತ್ತೆವು. ಒಬ್ಬರ ಮುಖ ಒಬ್ಬರು ನೋಡದೆ ಕುಳಿತೆವು. ಸ್ವಲ್ಪ ಬಂದಿರಲಿ, ಪೂರಾ ಬೇಡ ಎಂದು ನಾನು ಒಳಗೊಳಗೇ ಬೇಡಿಕೊಂಡದ್ದು ನಿಜ. ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವಾಗ ನಮ್ಮವನು ತನ್ನ ಕೆಂಪು ಕರವಸ್ತ್ರವನ್ನು ಹುಂಜದ ಕುತ್ತಿಗೆಗೆ ಕಟ್ಟಿದ.

"ಹರಕೀ ಹುಂಜ ಅಲ್ಲೇನ, ಸಿಂಗಾರ ಅಂತ ಹೇಳೂಣು."

ಹುಲಗೂರಿನ ನಾದಿನಿಯ ಮನೆಯ ಕಟ್ಟೆಯ ಮೇಲೆ ಅತ್ತೆ ಕುಳಿತಿದ್ದಳು. ಕಣ್ಣಿಗೆ ಕನ್ನಡಕ. ಅದರ ಗಾಜು ಎಷ್ಟು ದಪ್ಪವೆಂದರೆ ಅವಳ ಕಣ್ಣುಗಳೇ ನಮ್ಮತ್ತ ನಡೆದು ಬಂದಂತೆ ಕಂಡಿತು. ಮೊದಲು ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ನೀ ಹಿಂಗದೀಯೇನ? ಸ್ವಲ್ಪರ ಚಂದ ಇರಬೇಕ ಅಂತ ತಿಳಿದಿದ್ದೆ."

ಆಮೇಲೆ ಮಗನನ್ನು.

"ಇದೇನೋ ಹೆಣ್ಮಕ್ಕಳ ಹಂಗ ಕೂದ್ಲಾ?"

ಆಮೇಲೆ ಹುಂಜ. ಕೈಚಾಚಿ ಕರವಸ್ತ್ರ ಬಿಚ್ಚಿದಳು. ಅಷ್ಟು ವರ್ಷ ಕಾಣದ ಕಣ್ಣು ಆ ಬೋಳು ಕುತ್ತಿಗೆಯ ಒಂದೊಂದು ರಂಧ್ರವನ್ನೂ ಓದಿತು.

"ಯಾರು ಕಿತ್ತದ್ದು?"

ನಾನು ಗಂಡನನ್ನು ನೋಡಿದೆ. ಬೆರಳು ಮಾಡಿ ತೋರಿಸಬೇಕಾಗಿರಲಿಲ್ಲ, ತೋರಿಸಿದೆ. ಅವನು ಬಾಚಣಿಗೆಗಾಗಿ ಕಿಸೆಗೆ ಕೈ ಹಾಕಿದ.

ಗುರುವಾರ ದರ್ಗಾಕ್ಕೆ ಹೋದಾಗ ಅತ್ತೆ ದರ್ಗಾ ನೋಡಿಕೊಳ್ಳುವ ಮುದುಕ ಮುಜಾವರರ ಮುಂದೆ ಹುಂಜ ಹಿಡಿದು ಎಲ್ಲ ಹೇಳಿದಳು. ಅವರು ಗಡ್ಡ ನೀವಿಕೊಂಡು, "ಜೀವ ಐತಲ್ಲವ್ವ, ಅಷ್ಟ ಸಾಕ. ಪುಕ್ಕಾ ಯಾರ ತಿಂತಾರ?" ಅಂದರು.

"ನಾ ಕೊರತಿ ಇಲ್ಲದ್ದು ಕೊಡ್ತೇನಿ ಅಂದೇನ್ರಿ. ಇದರ ಕುತ್ತಿಗಿ ಬೋಳ ಮಾಡಿದಾಂವ ತನ್ನ ತಲಿ ಬೋಳ ಮಾಡಿಸ್ಲಿ. ಲೆಕ್ಕ ಚುಕ್ತಾ."

"ಇಲ್ಲೆ ಹಂಗೇನೂ ಪದ್ಧತಿ ಇಲ್ಲವ್ವ..."

"ನಮ್ಮನ್ಯಾಗ ಐತ್ರಿ. ಇವತ್ತಿಂದ."

ಹುಂಜವನ್ನು ಅಂದು ಹತ್ತು ಜನ ಉಂಡೆವು. ನಾನೂ ಉಂಡೆ, ಎರಡು ಸಲ ಹಾಕಿಸಿಕೊಂಡೆ. ಅದಕ್ಕೂ ಮೊದಲು, ಹೊರಗೆ ಬೇವಿನ ಮರದ ಕೆಳಗೆ ಹಜಾಮರವನು ಕಲ್ಲಿನ ಮೇಲೆ ಕತ್ತಿ ಮಸೆದ. ನಮ್ಮವನು ತಲೆ ಬಗ್ಗಿಸಿ ಕುಳಿತ. ಕಡಲ ಗಾಳಿಗೂ ಹೆದರದ ಕೂದಲು ಗೊಂಚಲು ಗೊಂಚಲಾಗಿ ತೊಡೆಯ ಮೇಲೆ ಬಿತ್ತು. ಅವನ ಕಣ್ಣು ತುಂಬಿದ್ದನ್ನು ಕಂಡು, ಒರೆಸಿಕೊಳ್ಳಲಿ ಎಂದು ನಾನು ಸೆರಗಿನ ತುದಿ ಮುಂದೆ ಮಾಡಿದೆ.

ಆಗ ಅವನು ಒಂದು ಗೊಂಚಲು ಎತ್ತಿಕೊಂಡ. ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದ. ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೊಳಪು ನೋಡಿದ. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ನೋಡಿದ.

ಅತ್ತೆ ಕನ್ನಡಕ ಮೇಲಕ್ಕೆ ಸರಿಸಿಕೊಂಡಳು.

"ಅದನ್ನ ಕೆಳಗ ಒಗಿ," ಅಂದಳು.